ಒಂದು ಮೊರ ತೌಡು

ಮೊನ್ನೆ ಮಗಳ ಜೊತೆ ಅಂಗಡಿಗೆ ಹೋಗಿದ್ದೆ. ಇಂಗ್ಲೆಂಡಿನ ಈ ಊರಿನಲ್ಲಿ ಕಾಳುಕಡಿಯನ್ನು ದೊಡ್ಡ ಗಾಜಿನ ಭರಣಿಗಳಲ್ಲಿ ತುಂಬಿಟ್ಟು, ಬೇಕಾದಷ್ಟು ತೂಗಿಕೊಡುವ ಅಂಗಡಿಯೊಂದಿದೆ. ಮಗಳು ಈಗ ಏಳು ತಿಂಗಳ ಬಸುರಿ. ಮಲಬದ್ಧತೆಗೆ ಒಳ್ಳೆಯದೆಂದು ಡಾಕ್ಟರು ಏನೋ ತಿನ್ನಲು ಹೇಳಿದ್ದಾರಂತೆ. ಅವಳು ಸೌಟಿನಲ್ಲಿ ಕಂದು ಪುಡಿಯೊಂದನ್ನು ತೋಡಿ ನನ್ನ ಮೂಗಿನ ಹತ್ತಿರ ಹಿಡಿದಳು. ತೌಡು! ನಮ್ಮೂರಲ್ಲಿ ಎಮ್ಮೆಗೆ ಕಲಗಚ್ಚಿನಲ್ಲಿ ಕಲಸಿಡುವ ಅದೇ ತೌಡು.

"ನನ್ನನ್ನು ಮಾರಿದ್ದು ಇದಕ್ಕೇ ಕಣೇ" ಎಂದೆ.

"ಅಮ್ಮಾ, ಮತ್ತೆ ಶುರು ಮಾಡಬೇಡ" ಎಂದಳು ಮಗಳು. ಅವಳು ಕೇಳಿ ಕೇಳಿ ಸಾಕಾಗಿದ್ದಾಳೆ. ನೀವು ಕೇಳಿಲ್ಲವಲ್ಲ, ನಿಮಗೆ ಹೇಳುತ್ತೇನೆ.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಎರಡು ಕೂಸುಗಳೂ ಉಳಿಯಲಿಲ್ಲ. ನಮ್ಮ ಮನೆ ಹೊನ್ನಾಳಿಯಲ್ಲಿ, ಅವ್ವನ ತವರು ಜಗಳೂರಿನ ಹತ್ತಿರದ ಒಂದು ಹಳ್ಳಿ. ಮೂರನೆಯವಳಾಗಿ ನಾನು ಹುಟ್ಟಿದ್ದು ಆ ಹಳ್ಳಿಯಲ್ಲೇ. ಹುಟ್ಟಿದ ಕೂಡಲೇ ನನ್ನ ಅಜ್ಜಿ, ಅಂದರೆ ಅವ್ವನ ಅವ್ವ, ನನ್ನನ್ನು ಮೊರದಲ್ಲಿ ಮಲಗಿಸಿಕೊಂಡು ಪಕ್ಕದ ಮನೆಯ ಕುಂಬಾರರ ಗಿರಿಯಮ್ಮನಿಗೆ ಮಾರಿಬಿಟ್ಟಳು. ಗಿರಿಯಮ್ಮನ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಉಳಿದಿದ್ದವು. ಅವಳು ಒಂದು ಮೊರ ತೌಡು ಕೊಟ್ಟು ನನ್ನನ್ನು ಕೊಂಡಳು. ಆಮೇಲೆ "ನನ್ನ ಕೂಸು, ಸಾಕಿಕೊಡವ್ವ" ಎಂದು ಅವ್ವನ ಮಡಿಲಿಗೇ ಹಾಕಿದಳು. ಕೂಸು ಬೇರೆಯವರದು ಅಂದುಕೊಂಡು ಸಾವು ಹಾದಿ ತಪ್ಪಲಿ ಎಂಬ ಲೆಕ್ಕಾಚಾರ. ನಮ್ಮ ಕಡೆ ಹೀಗೆ ಮಾರಾಟವಾದ ಮಕ್ಕಳು ಬೇಕಾದಷ್ಟಿದ್ದರು. ಆದರೆ ನಮ್ಮಜ್ಜಿ ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. ಯಮನೇನಾದರೂ ಸರ್ಕಾರಿ ಪುಸ್ತಕ ತೆಗೆದು ನೋಡಿದರೆ? ಅದಕ್ಕೆ ಪಟೇಲರ ಹತ್ತಿರ ಗಿರಿಯಮ್ಮನನ್ನೇ ಕಳಿಸಿ, ಹೆಣ್ಣು ಮಗು, ತಾಯಿ ಗಿರಿಯಮ್ಮ ಎಂದು ಬರೆಸಿದಳು. ಪಟೇಲರಿಗೂ ಎಲ್ಲ ಗೊತ್ತು, ಬರೆದುಕೊಂಡರು. ಹಾಗೆ ಯಮ ಮೋಸಹೋದ. ಮೋಸಹೋಗದೆ ಉಳಿದವನು ಮದ್ರಾಸಿನ ವೀಸಾ ಸಾಹೇಬ ಒಬ್ಬನೇ.

ಎಂಬತ್ತರ ಆಸುಪಾಸು. ನನ್ನ ಗಂಡ ಇಂಗ್ಲೆಂಡಿನ ನೂಲಿನ ಮಿಲ್ಲೊಂದರಲ್ಲಿ ಫಿಟ್ಟರು. ರಜೆ ಹಾಕಿ ಬಂದು, ನನ್ನನ್ನು ಮದುವೆಯಾಗಿ, ರಜೆ ಮುಗಿಯಿತೆಂದು ಹೋದವರು. ಹೆಂಡತಿಯಾಗಿ ನಾನು ಅಲ್ಲಿಗೆ ಹೋಗಬೇಕಾದರೆ ನಾನು ಹುಟ್ಟಿದ್ದಕ್ಕೆ ದಾಖಲೆ ಬೇಕಂತೆ. ಎದುರಿಗೆ ನಿಂತಿದ್ದೇನೆ, ಉಸಿರಾಡುತ್ತಿದ್ದೇನೆ. ಆದರೂ ಹುಟ್ಟಿದ್ದು ಸಾಬೀತಾಗಿಲ್ಲ! ಜಗಳೂರಿನ ಕಚೇರಿಗೆ ಅಲೆದೆ. ಒಂದು ಸಲ ಬೀಗದ ಕೈ ಇಟ್ಟುಕೊಂಡವರು ರಜೆ, ಇನ್ನೊಂದು ಸಲ ಬೀಗದ ಕೈ ಇದೆ, ಹುಡುಕುವವರು ರಜೆ. ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಬಸ್ಸಿನ ಧೂಳು ಕುಡಿದೇ ನಾನು ಅರ್ಧ ತೂಕ ಇಳಿದೆ. ಕೊನೆಗೂ ಸಿಕ್ಕಿದ ಕಾಗದದಲ್ಲಿ ತಾಯಿ ಗಿರಿಯಮ್ಮ. ಶಾಲೆಯ ದಾಖಲೆಯಲ್ಲಿ, ಮದುವೆಯ ಕಾಗದದಲ್ಲಿ ಅವ್ವನ ಹೆಸರು.

ಮದ್ರಾಸಿನ ಸಾಹೇಬ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಇವರಲ್ಲಿ ನಿನ್ನ ತಾಯಿ ಯಾರು ಎಂದು ದುಭಾಷಿಯ ಮೂಲಕ ಕೇಳಿದ.

"ಇಬ್ಬರೂ" ಎಂದೆ. ಅಲ್ಲಿಗೇ ಸುಮ್ಮನಿರಬಾರದೆ? ಮಾರಿದ್ದು, ತೌಡು, ಎಲ್ಲ ಹೇಳಿದೆ. ದುಭಾಷಿ ಅದೇನು ಹೇಳಿದನೋ, ಸಾಹೇಬ ಪೆನ್ನು ಕೆಳಗಿಟ್ಟ. ಮಕ್ಕಳನ್ನು ಮಾರುವ ಜಾಲವೊಂದು ತನ್ನ ಕೈಗೇ ಸಿಕ್ಕಿತು ಅಂದುಕೊಂಡಿರಬೇಕು. ಅರ್ಜಿ ವಾಪಸ್ಸು ಬಂತು. ಹೆತ್ತವಳು ತಾನೇ ಎಂದು ತಾಯಿ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಬೇಕು, ಇಲ್ಲದಿದ್ದರೆ ವೀಸಾ ಇಲ್ಲ.

ಇಷ್ಟೇ ತಾನೇ ಅಂದುಕೊಂಡೆ. ಅಪ್ಪ, ಅಜ್ಜಿ ಆಗಲೇ ತೀರಿಕೊಂಡಿದ್ದರು. ಹೇಳಬೇಕಾದವಳು ಅವ್ವ ಒಬ್ಬಳೇ.

"ನಾನು ಹೇಳಂಗಿಲ್ಲ" ಎಂದಳು ಅವ್ವ.

"ಯಾಕೆ?"

"ನೀನು ಗಿರಿಯಕ್ಕನ ಮಗಳು. ನಂದು ಅಂದ್ರೆ ಮ್ಯಾಗಿನೋನಿಗೆ ಕೇಳಿಸ್ತೈತೆ."

ಆಗ ನನಗೆ ಹೊಳೆಯಿತು. ಅವ್ವ ಒಂದು ದಿನಕ್ಕೂ ನನ್ನನ್ನು ಮಗಳು ಅಂದಿರಲಿಲ್ಲ. ಏ ಹುಡುಗಿ, ಏ ಇವಳೇ. ನೆಂಟರೆದುರಿಗೆ, ಗಿರಿಯಕ್ಕನ ಕೂಸು. ಧಾರೆಯ ಹೊತ್ತಿಗೂ ತುಟಿ ಬಿಚ್ಚಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬೇಡಿಕೊಂಡೆ, ಕೂಗಾಡಿದೆ, ಊಟ ಬಿಟ್ಟೆ. ಆ ಕಡೆಯಿಂದ ಗಂಡನ ಕಾಗದ, ಇನ್ನೂ ಯಾಕೆ ಬಂದಿಲ್ಲ ಎಂದು. ನಿಮ್ಮ ಅತ್ತೆ ನನ್ನನ್ನು ಹೆತ್ತಿದ್ದೇನೆಂದು ಒಪ್ಪುತ್ತಿಲ್ಲ ಎಂದು ಬರೆಯುವುದು ಹೇಗೆ, ನೀವೇ ಹೇಳಿ.

ಕೊನೆಗೆ ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಹಾದಿ ತೋರಿಸಿದಳು. "ತೌಡು ವಾಪಸ್ ಕೊಟ್ಟು ಬಿಡಿಸ್ಕೊಂಡ್ರೆ ಹೇಳಾಕೆ ಬರ್ತೈತೆ."

ಹೊನ್ನಾಳಿಯ ಅಕ್ಕಿ ಗಿರಣಿಯಿಂದ ತೌಡು ತಂದು, ಚೀಲಕ್ಕೆ ತುಂಬಿ, ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಚೀಲ ಅವ್ವನ ಮಡಿಲಲ್ಲೇ. ಕೆಳಗಿಡು ಎಂದರೆ ಕೇಳಲಿಲ್ಲ.

ಗಿರಿಯಮ್ಮ ತಿಗರಿಯ ಪಕ್ಕದಲ್ಲಿ ಮಣ್ಣು ತುಳಿಯುತ್ತಿದ್ದಳು. ವಿಷಯ ಕೇಳಿ, ಕೈಕಾಲು ತೊಳೆದು ಬಂದು, ಮೊರಕ್ಕೆ ಸುರಿದ ತೌಡನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ನಾನು ಕೊಟ್ಟಿದ್ದು ನವಣೆ ತೌಡು ಕಣೇ, ನೀನು ಭತ್ತದ್ದು ತಂದೀಯ."

"ನಮ್ಮ ಕಡೆ ಇದೇ ಸಿಗೋದು ಗಿರಿಯಕ್ಕ."

"ಆವಾಗ ಅಂಗೈಯಷ್ಟಿತ್ತು. ಈಗ ನೋಡು, ಲಗ್ನ ಆಗೈತೆ, ಫಾರಿನ್‌ಗೆ ಬ್ಯಾರೆ ಹೊಂಟೈತೆ. ಅದೇ ರೇಟಿಗೆ ಕೊಡಾಕೆ ಬರ್ತೈತೇನು?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಚೇರಿ ಮುಚ್ಚುವ ಹೊತ್ತಾಗುತ್ತಿದೆ, ಇವರಿಬ್ಬರೂ ನನ್ನ ರೇಟು ಚೌಕಾಸಿ ಮಾಡುತ್ತಿದ್ದಾರೆ! ಆದರೆ ಗಿರಿಯಮ್ಮ ಮೊರ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಹಿಡಿದಳು, ಕಣ್ಣು ಒದ್ದೆಯಾಗಿತ್ತು. "ಉಳೀತಲ್ಲ, ಅಷ್ಟು ಸಾಕು. ನಡೀರಿ, ನಾನೂ ಬರ್ತೀನಿ."

ತಹಸೀಲ್ದಾರರ ಮುಂದೆ ಅವ್ವ ನಿಂತಳು.

"ಈಕೆ ನಿಮಗೇನಾಗಬೇಕಮ್ಮ?"

ಅವ್ವ ಸೂರು ನೋಡಿದಳು, ಕಿಟಕಿ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು.

"ಬೇಗ ಹೇಳ್ರಮ್ಮ, ಬೇರೆ ಕೆಲಸ ಐತೆ."

ಗಿರಿಯಮ್ಮ ಹಿಂದಿನಿಂದ ತಿವಿದಳು. "ಹೇಳೇ, ಈಗ ನಿಂದೇ."

"ನನ್ನ ಮಗಳು ಸ್ವಾಮಿ" ಎಂದಳು ಅವ್ವ. ಸಣ್ಣ ದನಿಯಲ್ಲಿ, ಯಾರಿಗೋ ಕೇಳಿಸಬಾರದೆಂಬ ಹಾಗೆ. "ನಾನೇ ಹೆತ್ತಿದ್ದು."

ಹೆಬ್ಬೆಟ್ಟು ಒತ್ತಿ ಹೊರಗೆ ಬಂದವಳೇ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಬಂದಿದೆಯೇನೋ ಎಂದು. ಹೊನ್ನಾಳಿ ಮುಟ್ಟುವವರೆಗೂ ಬಸ್ಸಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಲೇ ಇದ್ದಳು. "ಏನೂ ಆಗಿಲ್ಲ, ಬಿಡವ್ವ" ಎಂದು ನಾನು ಕೈ ಸರಿಸಿದೆ. ಎಷ್ಟೋ ವರ್ಷ ಕಾದು ಅವಳು ನನ್ನನ್ನು ಮಗಳು ಅಂದದ್ದು ಆ ಒಂದೇ ಸಲ, ಅದೂ ನನ್ನನ್ನು ದೂರ ಕಳಿಸಿಕೊಡುವುದಕ್ಕೆ. ಆಮೇಲೆ ಮತ್ತೆ ಅನ್ನಲಿಲ್ಲ. ರಜೆಗೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು, "ಬಂದಳು ನೋಡ್ರಿ ಗಿರಿಯಕ್ಕನ ಮಗಳು" ಅನ್ನುತ್ತಿದ್ದಳು, ತಾನು ಬದುಕಿರುವಷ್ಟು ದಿನವೂ.

ಈ ಕಥೆ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ. ಮೊನ್ನೆ ತೌಡಿನ ಪೊಟ್ಟಣ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ದುಡ್ಡು ತೆಗೆದುಕೊಳ್ಳುವ ಹುಡುಗಿ ಮಗಳ ಹೊಟ್ಟೆ ನೋಡಿ, ನಕ್ಕು, ನನ್ನನ್ನು ಕೇಳಿದಳು, ನಿಮ್ಮ ಮಗಳಾ ಎಂದು.

ಹೌದು ಅನ್ನಲು ಬಾಯಿ ತೆರೆದೆ. ಏನೆಂದು ಹೇಳಲಿ, ಬರೀ ಹೆದರಿಕೆ.

"ಅಲ್ಲ" ಎಂದೆ. ಆಮೇಲೆ ಕನ್ನಡದಲ್ಲಿ, ಸ್ವಲ್ಪ ಜೋರಾಗಿಯೇ, ಕೇಳಬೇಕಾದವರಿಗೆ ಕೇಳಲಿ ಎಂದು: "ಗಿರಿಯಮ್ಮನ ಮೊಮ್ಮಗಳು."

ಮಗಳು ಬೆಪ್ಪಾಗಿ ನನ್ನನ್ನೇ ನೋಡಿದಳು. ನಾನು ಕೈ ಚಾಚಿ ಅವಳ ಹಣೆ ಮುಟ್ಟಿ ನೋಡಿದೆ.