ಮೊಮ್ಮಗಳ ಬಾಯಿ ಬಿಡಿಸಿದ ಕುಂಬಳಕಾಯಿ

ನಮ್ಮ ಅನು ಶಾಲೆಯಲ್ಲಿ ಮಾತಾಡಿದಳು! ಇಡೀ ವರ್ಗದ ಮುಂದೆ, ಗಟ್ಟಿಯಾಗಿ ಮಾತಾಡಿದಳು! ಮಾತಾಡಿದ್ದು ನನ್ನ ಮಾತು ಕತ್ತರಿಸಲಿಕ್ಕೆ ಎಂಬುದು ಬೇರೆ. ಮೊದಲು ಸುದ್ದಿ ಹೇಳಿ ಹೊಟ್ಟೆ ಹಗುರ ಮಾಡಿಕೊಂಡೆ, ಇನ್ನು ನಾನು ಪಟ್ಟ ಪಾಡು ಕೇಳಿ.

ಅನು ನನ್ನ ಮಗನ ಮಗಳು, ಏಳು ವರ್ಷದವಳು. ಮಗನಿಗೆ ಕುಪವಾಡದ ಕಾರಖಾನೆಯಲ್ಲಿ ಕೆಲಸ, ಮನೆ ಮಿರಜಿಯಲ್ಲಿ. ಜೂನಿನಲ್ಲಿ ಹೊಸ ಶಾಲೆಗೆ ಹಾಕಿದಂದಿನಿಂದ ಹುಡುಗಿ ಅಲ್ಲಿ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ಮಾತ್ರ ಅರಳು ಹುರಿದಂತೆ ಮಾತು. ದೀಪಾವಳಿಯೊಳಗೆ ಮಾತಾಡದಿದ್ದರೆ ಮತ್ತೆ ಒಂದನೇ ಇಯತ್ತೆಯಲ್ಲಿ ಕೂರಿಸುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಸೊಸೆ ಫೋನ್ ಮಾಡಿದಳು. "ಅತ್ತಿ, ಶನಿವಾರ ಕಥಿ ತಾಸಿಗೆ ಮನಿ ಹಿರ್ಯಾರು ಬರಬೇಕಂತ್ರಿ. ನೀವ ಬರ್ರಿ. ನಿಮ್ಮನ್ನ ನೋಡಿ ಆದ್ರೂ ಮಾತಾಡ್ಯಾಳು."

ಬೆಳಿಗ್ಗೆ ತುಂತುರು ಮಳೆಯಲ್ಲಿ ನಮ್ಮೂರು ಸಮಡೋಳಿಯಿಂದ ಹೊರಟೆ. ಬಸ್ಸು ತಡವಾಗಿ ಬಂತು, ಬಂದದ್ದೂ ತುಂಬಿಕೊಂಡೇ ಬಂತು. ಹೆಂಗಸರಿಗೆ ಅರ್ಧ ತಿಕೀಟು ನೋಡಿ, ನನಗೆ ಒಂದೇ ಕಾಲೂರಲು ಜಾಗ ಸಿಕ್ಕಿತು.

"ಅರ್ಧ ತಿಕೀಟಂತ ಅರ್ಧಾ ನಿಲ್ಲಸ್ತಿಯೇನೋ?" ಎಂದು ಕಂಡಕ್ಟರನಿಗೆ ಕೇಳಿದೆ.

"ಸರೀರಿ ಆಜಿ, ಸಾಂಗ್ಲಿ ಬರೂದರಾಗ ಎಲ್ಲಾರೂ ಸಣ್ಣ ಆಗ್ತಾರ," ಎಂದ ಅವನು.

ಸೇತುವೆಯ ಮೇಲಿಂದ ಕೃಷ್ಣೆ ಕೆಂಪಗೆ ಉಕ್ಕಿ ಹರಿಯುವುದು ಕಂಡಿತು. ಯಾರದೋ ಕಂಕುಳ ಸಂದಿನಲ್ಲಿ ಕಂಡಷ್ಟು ಕಂಡಿತು. ಸಾಂಗ್ಲಿಯಲ್ಲಿ ಇಳಿದು ಮಿರಜಿಗೆ ಹೋಗುವ ರಿಕ್ಷಾ ಹತ್ತಿದೆ. ಸೀಟು ತುಂಬುವ ತನಕ ಆ ಪುಣ್ಯಾತ್ಮ ಗಾಡಿ ಬಿಡಲಿಲ್ಲ. ಬಿಟ್ಟವನು ವಿಶ್ರಾಮಬಾಗದಲ್ಲಿ ನಿಲ್ಲಿಸಿ ಚಹಾ ಕುಡಿಯಲಿಕ್ಕೆ ಹೋದ.

ಶಾಲೆ ಮುಟ್ಟಿದಾಗ ಮಕ್ಕಳೆಲ್ಲ ಚಾಪೆಯ ಮೇಲೆ ದುಂಡಗೆ ಕುಳಿತಿದ್ದರು. ಗೋಡೆಯ ಹತ್ತಿರ ಅನು, ತಲೆ ಕೆಳಗೆ. ಟೀಚರು ಎಳೆಯ ಹುಡುಗಿ. ಆಕೆಯ ಮಾತೆಲ್ಲ ಮರಾಠಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಕಥೆ ಬರೀ ನೆಪ, ಇದು ನಮ್ಮ ತತ್ವಜ್ಞಾನದ ತಾಸು, ಆಜಿ," ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೆ ತತ್ವಜ್ಞಾನವೇ!

ಟೀಚರು ಚಿತ್ರದ ಪುಸ್ತಕ ತೆರೆದು ತೋರಿಸಿದರು. ಒಬ್ಬ ಹೆಂಗಸು ಕುಂಬಳದ ಬೀಜ ಹಾಕುತ್ತಾಳೆ. ಬಳ್ಳಿ ಗೋಡೆ ದಾಟಿ ನೆರೆಮನೆಯ ಹೆಂಚಿನ ಮೇಲೆ ಕಾಯಿ ಬಿಡುತ್ತದೆ. ಪುಸ್ತಕ ಅಲ್ಲಿಗೇ ಮುಗಿಯಿತು. "ಈ ಕಾಯಿ ಯಾರದು?" ಎಂದು ಕೇಳಿದರು. ಒಬ್ಬ ಒಂದು ಹೇಳಿದ, ಇನ್ನೊಬ್ಬ ಇನ್ನೊಂದು. ಟೀಚರು ಎಲ್ಲದಕ್ಕೂ "ಯಾಕೆ?" ಎನ್ನುತ್ತಿದ್ದರೇ ಹೊರತು ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ.

"ಖರೇ ಉತ್ತರ ಹೇಳಿಬಿಡವಾ," ಎಂದು ನಾನು ಮರಾಠಿಯಲ್ಲಿ ಅಂದೆ.

"ನನಗೂ ಗೊತ್ತಿಲ್ಲ ಆಜಿ. ಎಲ್ಲರೂ ಕೂಡಿ ಹುಡುಕುವುದು."

ಗೊತ್ತಿಲ್ಲದವರಿಗೆ ಪಗಾರ ಕೊಡುತ್ತಾರಲ್ಲ! ನನಗೆ ತಡೆಯಲಾಗಲಿಲ್ಲ, ನಮ್ಮ ಕನ್ನಡವೇ ಬಾಯಿಗೆ ಬಂತು. "ಅದರಾಗ ಹುಡುಕೂದೇನೈತಿ? ಬೀಜ ಹಾಕಿದಾಕೀದು ಕಾಯಿ. ಮುಗೀತು!"

"ಅಲ್ಲ ಆಜಿ."

ಗೋಡೆಯ ಕಡೆಯಿಂದ ಬಂದ ದನಿ. ಅನು ತಲೆ ಎತ್ತಿದ್ದಳು. "ಬೀಜ ಹಾಕೂದು ಒಂದ ದಿನದ ಕೆಲಸ. ದಿನಾ ಕಾಯಿ ಹೊತ್ತು ನಿಂತಿದ್ದು ಬಾಜೂದವರ ಮನಿ ಹೆಂಚು."

"ಹೆಂಚು ಏನ್ ಬೆವರು ಸುರಸ್ತೈತೇನ, ಹುಚ್ಚಿ?"

"ಬೀಜಾನೂ ಆಕಿ ಮಾಡಿಲ್ಲಲ್ಲ! ಹಳೇ ಕುಂಬಳಕಾಯಿ ಕೊಟ್ಟಿದ್ದು!"

ಸಿಟ್ಟಿನಲ್ಲಿ ಇನ್ನೇನೋ ಹೇಳಲು ಹೋದವಳಿಗೆ, ಯಾರ ಜೊತೆ ಜಗಳಾಡುತ್ತಿದ್ದೇನೆ ಎಂಬುದು ಹೊಳೆಯಿತು. "ಏನಂದೆ ಅನು? ನಮಗೂ ಹೇಳು," ಎಂದರು ಟೀಚರು. ಅನು ಎದ್ದು ನಿಂತು ಮರಾಠಿಯಲ್ಲಿ ಮೊದಲಿನಿಂದ ಎಲ್ಲ ಹೇಳಿದಳು. ಮಕ್ಕಳು ಅವಳ ಮೇಲೆ ವಾದಕ್ಕೆ ಬಿದ್ದರು, ಅವಳೂ ಬಿಡಲಿಲ್ಲ. ಟೀಚರು ನನ್ನ ಹತ್ತಿರ ಬಂದು, "ಇನ್ನು ಹಿಂದಿನ ವರ್ಗದ ಮಾತೇ ಇಲ್ಲ ಆಜಿ," ಎಂದು ಕೈ ಹಿಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕುಳಿತೆ.

ಶಾಲೆ ಬಿಟ್ಟ ಮೇಲೆ ಮನೆಯಿಂದ ಸೊಸೆಯನ್ನೂ ಕರೆದುಕೊಂಡು ಮೂವರೂ ನಮ್ಮ ಊರಿಗೆ ಹೊರಟೆವು. ದಾರಿಯುದ್ದಕ್ಕೂ ಪ್ರಶ್ನೆಗಳ ಮಳೆ. ನದಿ ನಿನ್ನೆಯದೋ ಇವತ್ತಿನದೋ, ಬಸ್ಸು ಓಡುತ್ತದೋ ರಸ್ತೆ ಓಡುತ್ತದೋ. ಸಮಡೋಳಿ ಬರುವುದರೊಳಗೆ ನನ್ನ ತಲೆ ಚಿಟ್ಟು ಹಿಡಿದಿತ್ತು.

ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ, ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಮಗ ಕುಪವಾಡದಿಂದ ನೇರ ಬಂದ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಬಡಿಸಿಕೊಂಡು ಐವರೂ ಸಾಲಾಗಿ ಕುಳಿತೆವು. ನಮ್ಮ ಯಜಮಾನರು ಊಟದಲ್ಲಿ ಮೌನ ಹಿಡಿಯುವವರು. ಅವರೆದುರು ಬೇರೆ ಯಾರೂ ಮಾತಾಡುವುದಿಲ್ಲ.

"ಅಜ್ಜಾ," ಎಂದಳು ಅನು, "ನೀವು ಸುಮ್ಮನ ಕುಂತ್ರ ತಲ್ಯಾಗಿನ ಮಾತೂ ನಿಲ್ತಾವೇನ್ರಿ? ಶಾಳ್ಯಾಗ ನನ್ನವು ನಿಲ್ಲತಿದ್ದಿಲ್ಲ."

ಸೊಸೆ ಅವಳ ತೊಡೆ ಚಿವುಟಿದಳು. ಯಜಮಾನರು ತುತ್ತನ್ನು ತಾಟಿಗಿಟ್ಟರು.

"ನಿಲ್ಲೂದಿಲ್ಲವಾ," ಎಂದರು. "ನೀ ಮಾತಾಡು."

ಅನು ಮಾತಾಡಿದಳು. ರೊಟ್ಟಿ ಆರಿತು, ಬಿಸಿಲು ಗೋಡೆಯ ತುದಿಗೆ ಏರಿತು. "ಹೊತ್ತು ಮುಳುಗಾಕ ಬಂತು, ಮೊದಲ ಉಣ್ಣವಾ ನಮ್ಮವ್ವಾ!" ಎಂದು ಕಡೆಗೆ ನಾನೇ ಕೂಗಬೇಕಾಯಿತು.