ನಕ್ಷತ್ರದ ಮಸಿ ತೊಳೆದ ಕೈ

ಬೆಳಕು ಹರಿಯುತ್ತಿದೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಗಾಜು ಊದುವ ಗಾಜಕ್ಕ ಕುಲುಮೆಯ ಬಾಗಿಲ ಹತ್ತಿರ ಅಂಗೈ ಒಯ್ದು, ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇನ್ನೂ ಬಿಸಿ. ಪಕ್ಕದಲ್ಲಿಟ್ಟ ಚಹಾ ಮಾತ್ರ ಯಾವಾಗಲೋ ಆರಿಹೋಗಿದೆ.

“ಈಗ್ಲೇ ತೆಗೆದ್ರೆ ತಣ್ಣನೆ ಗಾಳಿ ಬಡಿದು ಟಣ್ ಅಂತ ಸೀಳಿಬಿಡುತ್ತೆ. ಕಾಯ್ಬೇಕು, ಅಷ್ಟೇ,” ಎನ್ನುತ್ತಾರೆ. ಹೇಳುತ್ತಿರುವುದು ಅವರ ಕೆಲಸ ನೋಡಲು ಬಂದ ನನಗೋ, ತಮಗೋ ತಿಳಿಯದು.

ಒಳಗಿರುವುದು ಅವರು ಊದಿದ, ಕುಂಬಳಕಾಯಿ ಗಾತ್ರದ ಗಾಜಿನ ಬುರುಡೆ. ಅದರಲ್ಲಿ ನಕ್ಷತ್ರದ ಧೂಳು ಹುಟ್ಟಬೇಕು. ಮುದಿ ನಕ್ಷತ್ರಗಳು ಅನಿಲ ಕಾರುತ್ತವೆ. ಅದು ತಣಿಯುತ್ತ ಹೋದಂತೆ ಇಂಗಾಲ ಒಂದಕ್ಕೊಂದು ಅಂಟಿ, ಲಾಂದ್ರದ ಗಾಜಿಗೆ ಹಿಡಿಯುವಂಥ ಮಸಿಯಾಗುತ್ತದೆ. ಆ ಮಸಿ ಗೆಲಾಕ್ಸಿಯಲ್ಲಿ ಅಲೆಯುತ್ತದೆ. ನಕ್ಷತ್ರ ಸಿಡಿದ ಹೊಡೆತಕ್ಕೆ ಪುಡಿಯಾಗುತ್ತದೆ, ತಣ್ಣನೆಯ ಮೋಡಗಳಲ್ಲಿ ಹಿಮ ಹೊದ್ದು ದಪ್ಪವಾಗುತ್ತದೆ, ಕೊನೆಗೆ ಹೊಸ ಸೂರ್ಯರಿಗೂ ಗ್ರಹಗಳಿಗೂ ಸರಕಾಗುತ್ತದೆ. ಈ ಬಾಳುವೆಯ ಒಂದು ತುಣುಕನ್ನು ಮೇಲಿನ ಮಹಡಿಯ ಸಂಶೋಧಕಿ ಬುರುಡೆಯೊಳಗೆ ಮಾಡಿ ನೋಡುತ್ತಾಳೆ.

ಗಾಜಕ್ಕನ ಅಪ್ಪ ಔಷಧಿ ಸೀಸೆಯ ಕಾರ್ಖಾನೆಯಲ್ಲಿದ್ದವರು. ಮಗಳಿಗೆ ಉರಿಯ ಮುಂದೆ ಕೂರುವುದನ್ನು ಕಲಿಸಿದರು, ಗಾಜಿನ ಮೇಲೆ ಒಂದು ಕಲೆಯನ್ನೂ ಸಹಿಸದ ಹಟವನ್ನೂ ಕೊಟ್ಟರು. “ಹೆಣ್ಮಗಳು ಊದಿದ್ದು ನಿಲ್ಲುತ್ತಾ ಅಂತ ನಗೋರು. ನಾನೇನು ಬಲೂನ್ ಊದ್ತಿದ್ನಾ?” ಮೊಣಕೈವರೆಗೂ ಸುಟ್ಟ ಗುರುತುಗಳಿವೆ. ಸೊಂಟದಲ್ಲಿ ಸದಾ ಒಂದು ಒರೆಸುವ ಬಟ್ಟೆ.

ಆ ಹಟವೇ ಎಡವಟ್ಟು ಮಾಡಿತು. ಕೆಲವು ತಿಂಗಳ ಹಿಂದೆ, ಕತ್ತಿನಲ್ಲಿ ಬಿರುಕು ಬಿಟ್ಟ ಹಳೆಯ ಬುರುಡೆ ರಿಪೇರಿಗೆ ಬಂತು. ಒಳಗೆಲ್ಲ ಕಪ್ಪು. ಗಾಜಕ್ಕ ಬಿರುಕು ಮುಚ್ಚಿ, ಆಸಿಡ್ ಹಾಕಿ ಫಳಫಳ ತೊಳೆದರು. ಆ ಕಪ್ಪೇ ಸಂಶೋಧಕಿಯ ಸರ್ವಸ್ವ. ನಕ್ಷತ್ರದ ಧೂಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆಂದು ತಿಳಿಯಲು ತಿಂಗಳುಗಟ್ಟಲೆ ಅತಿನೇರಳೆ ಬೆಳಕಿನಲ್ಲಿ ಮಾಗಿಸಿದ್ದ ಮಸಿ ಅದು.

“ಎಷ್ಟು ಚೆನ್ನಾಗಿ ತೊಳ್ದಿದೀನಿ ನೋಡು ಅಂತ ನಾನೇ ಮೆಟ್ಟಿಲು ಹತ್ತಿ ತೋರಿಸ್ದೆ. ಆ ಮಗು ಅಲ್ಲೇ ನೆಲದ ಮೇಲೆ ಕೂತ್ಬಿಡ್ತು. ಬೈದಿದ್ರೆ ವಾಸಿಯಿತ್ತು.”

ಗಾಜಕ್ಕನ ಗಂಡ, ಟೈಲರ್ ಕೆಲಸದವರು, ನಗಿಸಲು ನೋಡಿದರಂತೆ: “ಮನೆ ಕಿಟಕಿ ಒರೆಸು ಅಂದ್ರೆ ಸೊಂಟನೋವು. ಅಲ್ಲಿ ನಕ್ಷತ್ರಾನೇ ತೊಳೆದು ಚರಂಡಿಗೆ ಬಿಟ್ಟಿದಾಳೆ!” ಗಾಜಕ್ಕನಿಗೆ ನಗು ಬರಲಿಲ್ಲ, ಅನ್ನವೂ ಸೇರಲಿಲ್ಲ.

ಹಳೆಯ ಬುರುಡೆ ಮತ್ತೆ ಸೀಳಿತು. ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ದಪ್ಪ ಗಾಜಿನ ಕೊಳವೆಯನ್ನು ಕಾಯಿಸಿ ಊದಿದ್ದು, ಈಗ ಕುಲುಮೆಯಲ್ಲಿರುವ ಬುರುಡೆ. ಇದೂ ಹೋದರೆ ಮತ್ತೊಂದು ಕೊಳವೆ ಬರುವಷ್ಟರಲ್ಲಿ ಸಂಶೋಧಕಿಗೆ ಇಲ್ಲಿ ಕೊಟ್ಟಿರುವ ಅವಧಿ ಮುಗಿದಿರುತ್ತದೆ, ಅವಳ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಅವಳೂ ಕೆಳಗಿಳಿದು ಬರುತ್ತಾಳೆ. ನಿದ್ದೆಗೆಟ್ಟ ಕಣ್ಣು. “ಅಕ್ಕ, ಒಂದ್ಚೂರು ಬಾಗಿಲು ಸರಿಸಿ ನೋಡೋಣ್ವಾ?”

“ಸುಮ್ನೆ ಕೂತ್ಕೊಳಮ್ಮ. ಕೈ ಮುಟ್ಟಿದ್ರೆ ನೋಡು.”

“ಅವತ್ತು ಬುರುಡೆ ಒಳಗೆ ಮುಟ್ಬೇಡಿ ಅಂತ ನಾನೇ ಹೇಳ್ಬೇಕಿತ್ತು ಅಕ್ಕ.”

“ನಾನೂ ಕೇಳ್ಬೇಕಿತ್ತು.” ಆಮೇಲೆ ಇಬ್ಬರೂ ಕುಲುಮೆಯನ್ನೇ ನೋಡುತ್ತ ಕೂರುತ್ತಾರೆ.

ಮಧ್ಯಾಹ್ನ ಬಾಗಿಲು ತೆರೆಯುತ್ತದೆ. ಗಾಜಕ್ಕ ಬುರುಡೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. ಬಿರುಕು ಕಾಣುವುದಿಲ್ಲ. ಆದರೆ ಪರೀಕ್ಷೆ ಇರುವುದು ಮೇಲಿನ ಮಹಡಿಯಲ್ಲಿ. ಅಲ್ಲಿ ಪಂಪು ಬುರುಡೆಯೊಳಗಿನ ಗಾಳಿ ಹೀರತೊಡಗುತ್ತದೆ; ಎಲ್ಲಾದರೂ ಸೂಕ್ಷ್ಮ ಬಿರುಕಿದ್ದರೆ ಹೊರಗಿನ ಗಾಳಿಯ ಭಾರಕ್ಕೆ ಗಾಜು ಒಳಕ್ಕೆ ಕುಸಿಯುತ್ತದೆ. ಒತ್ತಡ ತೋರಿಸುವ ಮಾಪಕದ ಮುಳ್ಳು ಇಳಿಯುತ್ತದೆ. ಇನ್ನೂ ಇಳಿಯುತ್ತದೆ. ಗಾಜು ಸದ್ದು ಮಾಡದೆ ತಡೆದುಕೊಳ್ಳುತ್ತದೆ.

ಒಳಗೆ ಕಿಡಿ ಹೊತ್ತಿ ಇಂಗಾಲ ಆವಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಗಾಜಿನ ಗೋಡೆಗೆ ತೆಳುವಾಗಿ ಕಂದು ನೆರಳು ಹಿಡಿಯುತ್ತದೆ. ಸಂಶೋಧಕಿ ಕಣ್ಣೊರೆಸಿಕೊಳ್ಳುತ್ತಾಳೆ. ಗಾಜಕ್ಕನ ಕೈ ತನ್ನಷ್ಟಕ್ಕೆ ಸೊಂಟದ ಬಟ್ಟೆಗೆ ಹೋಗುತ್ತದೆ.

ಅದನ್ನು ಎಳೆದು ತೆಗೆದು ಅವಳ ಕೈಯಲ್ಲಿಡುತ್ತಾರೆ. “ತಗೋ, ಇದು ನಿನ್ಹತ್ರಾನೇ ಇರ್ಲಿ. ನಾನು ಊದಿದ ಗಾಜು ಗಲೀಜಾಗ್ಲಿ ಅಂತ ಬೇಡ್ಕೊಂಡಿದ್ದು ಇದೇ ಮೊದಲು. ಇನ್ನೂ ಕಪ್ಪಾಗ್ಲಿ.”