ಚಂದ್ರಿಕೆಯಲ್ಲಿ ಉಳಿದುಹೋದ ಕಾಫಿಬೀಜ

ತಾಳಿ, ಮುಂದಕ್ಕೆ ಹೋಗಬೇಡಿ. ಮನೆಯಲ್ಲಿ ಕಾಫಿ ಹುರಿಯುವುದು ಹೇಗೆ ಅಂತ ಇವನೂ ಪಾಠ ಶುರು ಮಾಡಿದ ಅಂದುಕೊಂಡಿರಿ ತಾನೆ? ಇದರಲ್ಲಿ ರೇಷ್ಮೆಹುಳ ಬರುತ್ತದೆ, ಬೆಕ್ಕು ಬರುತ್ತದೆ, ನಾನು ಹೇಳಿದ ಒಂದು ಸುಳ್ಳೂ ಬರುತ್ತದೆ. ಸ್ವಲ್ಪ ಕೂತುಕೊಳ್ಳಿ.

ನಮ್ಮೂರು ಹೊಂಗನೂರಿನ ಪಕ್ಕ. ಅವ್ವ ರೇಷ್ಮೆ ಸಾಕುತ್ತಾಳೆ, ನಾನು ಕಾಫಿ ಹುರಿಯುತ್ತೇನೆ. ಹೇಳಿಕೊಟ್ಟವರು ಯಾರೂ ಇಲ್ಲ. ಫೋನಿನಲ್ಲಿ ವಿಡಿಯೊ ನೋಡಿ, ಹಸಿ ಬೀಜ ತರಿಸಿ, ಅಜ್ಜಿ ಕಾಲದ ಕಬ್ಬಿಣದ ಬಾಂಡ್ಲಿಯಲ್ಲಿ ಸುಟ್ಟು ಸುಟ್ಟು ಕಲಿತದ್ದು. ನನ್ನ ಮೊದಲ ಕಾಫಿ ಕುಡಿದ ಅವ್ವ, “ಇದ್ಲು ತೊಳ್ದಿರೋ ನೀರು ಇದ್ದಂಗೈತೆ” ಅಂದಿದ್ದಳು.

ಹುರಿಯುವವರಿಗೆ ನಿಜವಾದ ತಲೆನೋವು ತಪ್ಪಿಸಿಕೊಳ್ಳುವ ಬೀಜಗಳು. ಕಾವು ಏರಿ ಚಟಚಟ ಅನ್ನುವ ಹೊತ್ತಿಗೆ ನಾಲ್ಕಾರು ಹೊರಕ್ಕೆ ಹಾರುತ್ತವೆ. ಒಂದು ಒಲೆಯ ಕೆಳಗೆ, ಇನ್ನೊಂದು ಚಪ್ಪಲಿಯೊಳಗೆ. ಬಾಂಡ್ಲಿಯಲ್ಲಿ ಹಳೆಯದೊಂದು ಉಳಿದರೆ ಮುಂದಿನ ಸಲ ಮತ್ತೆ ಹುರಿದು, ಕರಕಲಾಗಿ, ಇಡೀ ಪುಡಿಯ ರುಚಿ ಕೆಡಿಸುತ್ತದೆ. ಇದು ನನ್ನ ಕಷ್ಟ. ಅವ್ವನ ಕಷ್ಟವೇ ಬೇರೆ. ರೇಷ್ಮೆಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಹುಳದ ಮನೆ ಹತ್ತಿರ ಬೀಡಿ ಸೇದುವಂತಿಲ್ಲ, ಸೆಂಟು ಹಾಕಿಕೊಂಡವರು ಒಳಗೆ ಕಾಲಿಡುವಂತಿಲ್ಲ. ಅದಕ್ಕೇ ನನ್ನ ಒಲೆ ಅಂಗಳದ ಆಚೆ ಮೂಲೆಯಲ್ಲಿ.

“ಲೇ ಮಗ, ಕೇಳಿಸ್ಕೊ. ನಿನ್ ಕಾಫಿಬೀಜ ಒಂದೇ ಒಂದು ನನ್ ಹುಳದ ತಾವ ಕಾಣ್ಲಿ, ಆ ಬಾಂಡ್ಲಿನ ಮಾಗಡಿ ಅತ್ತೆಗೆ ಕೊಟ್ಬುಡ್ತೀನಿ. ಕಜ್ಜಾಯ ಸುಡಕ್ಕೆ ಬೇಕು ಅಂತ ಆವತ್ತಿಂದ ಕೇಳ್ತಾವ್ಳೆ.”

ಆ ಬಾಂಡ್ಲಿಯ ತಳ ದಪ್ಪ, ಕಾವು ಎಲ್ಲ ಕಡೆ ಸಮ. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಅದು ಮಾಗಡಿ ಸೇರಿದರೆ ನನ್ನ ಕಾಫಿ ಕಥೆ ಮುಗಿದಂತೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಹುರಿದ ಬೀಜವನ್ನು ಬೇಗ ಆರಿಸಬೇಕು, ಇಲ್ಲದಿದ್ದರೆ ತನ್ನ ಬಿಸಿಗೆ ತಾನೇ ಇನ್ನೂ ಹುರಿಯುತ್ತದೆ. ಅವತ್ತು ಅವ್ವ ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಒಣಗಲು ನಿಲ್ಲಿಸಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಣ್ಣಾದ, ಅಂದರೆ ನೂಲು ಬಿಡಲು ತಯಾರಾದ ಹುಳವನ್ನು ಗೂಡು ಕಟ್ಟಲು ಬಿಡುವ, ಆಳುದ್ದದ ಬಿದಿರಿನ ತಟ್ಟಿಯೇ ಚಂದ್ರಿಕೆ. ಅದರ ಮೇಲೆ ಬಿದಿರಿನ ಪಟ್ಟಿ ಜಿಲೇಬಿ ಥರ ಸುತ್ತಿಕೊಂಡಿರುತ್ತದೆ. ಒಂದನ್ನು ಮಲಗಿಸಿ ಬಿಸಿಬೀಜ ಸುರಿದೆ. ಎರಡೇ ನಿಮಿಷಕ್ಕೆ ಆರಿತು, ಬೀಜದ ಹೊಟ್ಟು ಪೂರ್ತಿ ಗಾಳಿಗೆ ಹಾರಿಹೋಯಿತು. ವಿಡಿಯೊದವರಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾಪಸ್ ತೆಗೆಯಲು ಹೋದಾಗ ಗೊತ್ತಾಯಿತು. ಸಂದುಸಂದಿನಲ್ಲೂ ಬೀಜ. ಬೋರಲು ಹಾಕಿ ಬಡಿದೆ, ಪೊರಕೆ ಕಡ್ಡಿಯಲ್ಲಿ ಕೆದಕಿದೆ. ಅಷ್ಟರಲ್ಲಿ ಒಳಗಿನಿಂದ ಅವ್ವನ ಕೂಗು: “ಹುಳ ಇವತ್ತೇ ಹಣ್ಣಾಗ್ಬುಟ್ಟವೆ ಕಣ್ಲಾ, ಚಂದ್ರಿಕೆ ತಕೊಂಡ್ ಬಾ!”

ಹುಳ ಬಿಡುವಾಗ ನೋಡಿದೆ, ಮೂಲೆಯ ಸಂದಿನಲ್ಲಿ ಕರ್ರಗೆ ಒಂದು ಕೂತಿದೆ. ಕೈ ಹಾಕಿದೆ. “ತೆಗಿ ಕೈಯ್ಯ!” ಅಂತ ಅವ್ವನಿಂದ ಒಂದು ಏಟು ಬಿತ್ತು. ಅಷ್ಟು ದೊಡ್ಡ ಚಂದ್ರಿಕೆಯಲ್ಲಿ ಬೇಕಾದಷ್ಟು ಜಾಗ ಇರುವಾಗ ಒಂದು ಹುಳ ನೇರವಾಗಿ ಬೀಜದ ಪಕ್ಕಕ್ಕೇ ಹೋಗಿ, ತಲೆ ಆಡಿಸುತ್ತಾ ನೂಲು ಬಿಡಲು ಶುರು ಮಾಡಿತು. ಇನ್ನು ಮುಟ್ಟುವ ಹಾಗಿಲ್ಲ.

ಐದು ದಿನ ಬೆಳಿಗ್ಗೆ ಸಂಜೆ ಹೋಗಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅವ್ವ ಪಕ್ಕದ ಮನೆ ದೊಡ್ಡವ್ವನ ಹತ್ತಿರ ಹೇಳಿಕೊಂಡಳು: “ನನ್ ಮಗಂಗೆ ಈ ಸಲ ಹುಳದ್ ಮೇಲೆ ಬಾಳ ಗ್ಯಾನ ಬಂದ್ಬುಟ್ಟೈತೆ.” ದೊಡ್ಡವ್ವ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, “ಏನ್ ಕಳ್ಕೊಂಡವ್ನೋ ಕೇಳು” ಅಂದಳು.

ಆರನೇ ದಿನ ಗೂಡು ಬಿಡಿಸುವ ಕೆಲಸ. ಆ ಚಂದ್ರಿಕೆ ನನಗೇ ಬೇಕು ಅಂತ ಎಲ್ಲರಿಗಿಂತ ಮುಂಚೆ ಹೋಗಿ ಕೂತೆ. ಅವ್ವ ಅದನ್ನೇ ಎತ್ತಿ ದೊಡ್ಡವ್ವನ ಮುಂದೆ ಇಟ್ಟಳು. ಸ್ವಲ್ಪ ಹೊತ್ತಿಗೆ ದೊಡ್ಡವ್ವನ ಕೈ ನಿಂತಿತು.

“ಇದೇನವ್ವ, ಗೂಡ್ಗೆ ಕರ್ರಗೆ ಅಂಟ್ಕಂಡೈತೆ?”

ಬಿಳಿ ಗೂಡಿನ ಹೊಟ್ಟೆಗೆ, ತೆಳ್ಳಗಿನ ನೂಲಿನಡಿಯಲ್ಲಿ, ನನ್ನ ಬೀಜ. ನನ್ನ ಬಾಯಿಂದ ತಾನಾಗಿ ಬಂತು: “ಇಲಿ ಹಿಕ್ಕೆ ಇರ್ಬೇಕು ಕಣವ್ವ.”

ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಇಲೀನಾ? ಹುಳದ್ ಮನೇಲಾ? ಏಳ್ಲಾ ಮೇಲೆ!”

ಮುಂದಿನ ಎರಡು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಗೋಡೆಯ ತೂತುಗಳಿಗೆಲ್ಲ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದೆ. ಅಟ್ಟದ ಸಾಮಾನೆಲ್ಲ ಇಳಿಸಿ ಗುಡಿಸಿದೆ. ಬೈರಾಪಟ್ಟಣದ ಗೆಳೆಯನ ಮನೆಯಿಂದ ಬೆಕ್ಕನ್ನು ಚೀಲದಲ್ಲಿ ಹಾಕಿ ಸ್ಕೂಟರಿನಲ್ಲಿ ತಂದೆ. ದಾರಿಯುದ್ದಕ್ಕೂ ಅದು ನನ್ನ ವಂಶವನ್ನೆಲ್ಲ ಬೈಯುತ್ತಿತ್ತು. ಇಲ್ಲದ ಇಲಿಯನ್ನು ಹುಡುಕುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ.

ಮೂರನೇ ದಿನ ಜಗುಲಿಯ ಮೇಲೆ ಬಿದ್ದುಕೊಂಡಿದ್ದೆ. ಅವ್ವ ಬಂದು ಆ ಗೂಡನ್ನು ನನ್ನ ಎದೆಯ ಮೇಲೆ ಇಟ್ಟಳು.

“ಇಲಿ ಹಿಕ್ಕೆ ಮಧ್ಯ ಗೀಟು ಇರ್ತದೇನ್ಲಾ?”

ಎದ್ದು ಕೂತೆ. “ಅಂಗಾರೆ ನಿಂಗೆ ಆವತ್ತೇ ಗೊತ್ತಿತ್ತಾ?”

“ನಂಗೂ ಗೊತ್ತಿತ್ತು, ದೊಡ್ಡವ್ವಂಗೂ ಗೊತ್ತಿತ್ತು. ತೂತ ಮುಚ್ಚು, ಅಟ್ಟ ಗುಡ್ಸು ಅಂತ ಯುಗಾದಿಯಿಂದ ಬಡ್ಕೊಂಡೆ, ಕೇಳಿದ್ಯಾ? ಈಗ ನೋಡು, ಎಂಗ್ ಮಾಡ್ದೆ!”

“ಬೆಕ್ಕು ಯಾಕವ್ವ ಮತ್ತೆ?”

“ಅದು ಒಸಿ ಜಾಸ್ತಿ ಆಯ್ತು” ಅಂತ ನಕ್ಕಳು.

ನಗು ಇರುವಾಗಲೇ ಕೇಳಿಬಿಡೋಣ ಅಂತ, “ಬಾಂಡ್ಲಿ?” ಅಂದೆ.

ಅವ್ವ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ಹುಳ ಗೂಡಿಗೆ ಬಡಿದು ಗಟ್ಟಿಯಾಗಿ ಸದ್ದಾಯಿತು. “ಹುಳ ಚೆಂದಾಗೇ ಕಟ್ಟೈತೆ. ನಿನ್ ಪುಣ್ಯ. ಬಾಂಡ್ಲಿ ಇಲ್ಲೇ ಇರ್ಲಿ. ಆದ್ರೆ ಹುಳ ಮನೇಲಿರೋಗಂಟ ನಿನ್ ಕಾಫಿ ಒಲೆ ಹಚ್ಚಂಗಿಲ್ಲ, ಚಂದ್ರಿಕೆ ಮುಟ್ದೆ ಅಂದ್ರೆ ಬಾಂಡ್ಲಿ ಜೊತೆ ನೀನೂ ಮಾಗಡಿಗೆ.”

ಹಾಗಾಗಿ ಈಗ ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನ ಹುಳ ಮನೆಗೆ ಬರುವ ನಡುವಿನ ದಿನಗಳಲ್ಲಿ ಮಾತ್ರ ನನ್ನ ಕಾಫಿ. ಹಳೇ ಪಂಚೆಯ ಮೇಲೆ ಹರಡಿ ಆರಿಸುತ್ತೇನೆ, ನಾಲ್ಕು ಮೂಲೆ ಎತ್ತಿದರೆ ಎಲ್ಲಾ ಬೀಜ ಒಂದೇ ಕಡೆ. ಒಲೆಯ ಸುತ್ತ ಹಾರಿದ್ದನ್ನು ಮಾತ್ರ ಇನ್ನೂ ಅಂಬೆಗಾಲಿಟ್ಟೇ ಹುಡುಕಬೇಕು.

ನೀವೂ ಮನೆಯಲ್ಲಿ ಹುರಿಯುವವರಾದರೆ ಹೇಳಿ: ನಿಮ್ಮಿಂದ ತಪ್ಪಿಸಿಕೊಂಡ ಬೀಜ ಕೊನೆಗೆ ಎಲ್ಲಿ ಸಿಕ್ಕಿತು, ಯಾರ ಕೈಗೆ ಸಿಕ್ಕಿತು, ಏನು ಹೇಳಿ ಪಾರಾದಿರಿ? ಕೆಳಗೆ ಬರೆಯಿರಿ. ಇಲಿಗಿಂತ ಒಳ್ಳೆಯ ನೆಪ ನನಗೆ ತುರ್ತಾಗಿ ಬೇಕು.